ವೇಗ ಹೆಚ್ಚಿದಷ್ಟೂ ಕಾವು: ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ಒಂದಿಷ್ಟು ಚರಿತ್ರೆ

ಬಾದಾಮಿ, ಹುನಗುಂದ, ಇಳಕಲ್ ಕಡೆಯ ಮನೆಗಳಲ್ಲಿ ಈಗ ಬೀಜ, ಗೊಬ್ಬರದ ಲೆಕ್ಕದ ಜೊತೆಗೆ ಇನ್ನೊಂದು ಲೆಕ್ಕವೂ ನಡೆಯುತ್ತದೆ. ಎಂಜಿನಿಯರಿಂಗ್ ಸೀಟು ಸಿಕ್ಕ ಮಗನೋ ಮಗಳೋ ಲ್ಯಾಪ್‌ಟಾಪ್ ಕೇಳುತ್ತಾರೆ, ಅದೂ ಗೇಮಿಂಗ್ ಲ್ಯಾಪ್‌ಟಾಪ್. ಬರೀ ಆಟಕ್ಕಲ್ಲ, ಅದರ ಗ್ರಾಫಿಕ್ಸ್ ಕಾರ್ಡ್ ಕಟ್ಟಡದ ನಕ್ಷೆಗೆ, ವಿಡಿಯೊ ಎಡಿಟಿಂಗ್‌ಗೆ, ಎಐ ಕಲಿಯೋದಕ್ಕೂ ಬೇಕು ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಬೆಲೆ ಲಕ್ಷದ ಹತ್ತಿರ ಹೋಗುತ್ತದೆ. ಉಳ್ಳಾಗಡ್ಡಿ ಮಾರಿದ ದುಡ್ಡೋ, ಸೊಸೈಟಿ ಸಾಲವೋ ಅಲ್ಲಿಗೆ ಮುಗಿಯಿತು.

ಅಂಗಡಿಯಲ್ಲಿ ಮೊದಲು ಕೇಳಿಬರುವುದು ಪ್ರೊಸೆಸರ್ ಮತ್ತು ಕಾರ್ಡಿನ ಹೆಸರು. ಬ್ಯಾಸಗಿಯಲ್ಲಿ 40 ಡಿಗ್ರಿ ಆಸುಪಾಸು ಸುಡುವ ನಮ್ಮ ಸೀಮೆಯವರು ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ. ಈ ಯಂತ್ರ ತನ್ನ ಕಾವನ್ನು ಹೇಗೆ ಹೊರಹಾಕುತ್ತದೆ? ಇದರ ಪರದೆ ಎಂಥದ್ದು? ಯಾಕೆ ಇವೇ ಮುಖ್ಯ ಎಂಬುದಕ್ಕೆ ಲ್ಯಾಪ್‌ಟಾಪಿನ ಚರಿತ್ರೆಯೇ ಸಾಕ್ಷಿ.

1981ರಲ್ಲಿ ಅಮೆರಿಕದಲ್ಲಿ ಬಂದ ಆಸ್ಬೋರ್ನ್-1 ಕಂಪ್ಯೂಟರನ್ನು ಕೈಯಲ್ಲಿ ಹಿಡಿದು ಒಯ್ಯಬಹುದಿತ್ತು. ಆದರೆ ತೂಕ ಸುಮಾರು 11 ಕಿಲೊ, ಪರದೆ ಬರೀ 5 ಇಂಚು. ಮರುವರ್ಷ, 1982ರಲ್ಲಿ, ಪುಸ್ತಕದಂತೆ ಮಡಚುವ ಗ್ರಿಡ್ ಕಂಪಾಸ್ ಬಂತು. ಅದರ ಮೈಯನ್ನು ಮೆಗ್ನೀಸಿಯಂ ಲೋಹದಿಂದ ಮಾಡಿದ್ದರು. ಒಳಗಿನ ಕಾವನ್ನು ಆ ಲೋಹವೇ ಎಳೆದು ಗಾಳಿಗೆ ಬಿಡುತ್ತಿತ್ತು. ಅಂದರೆ ಮಡಚುವ ಲ್ಯಾಪ್‌ಟಾಪ್ ಹುಟ್ಟಿದಾಗಲೇ ಕಾವಿನ ಚಿಂತೆಯೂ ಜೊತೆಗೆ ಹುಟ್ಟಿತ್ತು.

ಚಿಪ್ಪಿಗೆ ಕೊಟ್ಟ ಕರೆಂಟು ಲೆಕ್ಕ ಮಾಡಿದ ಮೇಲೆ ಮಾಯವಾಗುವುದಿಲ್ಲ, ಹೆಚ್ಚುಕಡಿಮೆ ಅಷ್ಟೂ ಕಾವಾಗಿ ಹೊರಬರುತ್ತದೆ. 1989ರ 486 ಚಿಪ್ಪು ಶುರುವಿನಲ್ಲಿ ಫ್ಯಾನ್ ಇಲ್ಲದೆಯೇ ಓಡುತ್ತಿತ್ತು. 1993ರಲ್ಲಿ ಪೆಂಟಿಯಂ ಬಂದ ಮೇಲೆ ಚಿಪ್ಪಿನ ಮೇಲೆ ಲೋಹದ ರೆಕ್ಕೆ, ಅದರ ಮೇಲೆ ಫ್ಯಾನು ಮಾಮೂಲಾಯಿತು. ಮೇಜಿನ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವಿತ್ತು. ಎರಡು ಬೆರಳು ದಪ್ಪದ ಲ್ಯಾಪ್‌ಟಾಪಿನಲ್ಲಿ ಎಲ್ಲಿಂದ ತರುವುದು?

ಉಪಾಯ ಮೊದಲೇ ಇತ್ತು. 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಹೀಟ್ ಪೈಪ್ ಮಾಡಿ ತೋರಿಸಿದ್ದರು. ಲ್ಯಾಪ್‌ಟಾಪಿನಲ್ಲಿ ಇರುವುದು ಬಾಯಿ ಮುಚ್ಚಿದ ತಾಮ್ರದ ಚಪ್ಪಟೆ ಕೊಳವೆ, ಒಳಗೆ ಚೂರೇ ಚೂರು ನೀರು. ಚಿಪ್ಪಿನ ಕಡೆ ನೀರು ಆವಿಯಾಗುತ್ತದೆ, ಫ್ಯಾನಿನ ಕಡೆ ಹೋಗಿ ತಣಿದು ಹನಿಯಾಗುತ್ತದೆ, ಮತ್ತೆ ವಾಪಸು ಬರುತ್ತದೆ. ಅನ್ನದ ಗಡಿಗೆಯ ಮುಚ್ಚಳಕ್ಕೆ ಹನಿ ಕಟ್ಟುವ ಹಾಗೆಯೇ. ಇವತ್ತಿನ ಗೇಮಿಂಗ್ ಲ್ಯಾಪ್‌ಟಾಪ್‌ಗಳೂ ಇದೇ ಕೊಳವೆಯನ್ನು ನಂಬಿವೆ.

2004ರ ಹೊತ್ತಿಗೆ ಕಾವು ದೊಡ್ಡ ಕಂಪನಿಗಳನ್ನೂ ಸೋಲಿಸಿತು. ಪೆಂಟಿಯಂ-4ರ ಮುಂದಿನ ಚಿಪ್ಪಿನ ಕೆಲಸವನ್ನು ಇಂಟೆಲ್ ಆ ವರ್ಷ ಕೈಬಿಟ್ಟಿತು. ಒಬ್ಬನ ಬೆನ್ನಿಗೇ ಹೊರೆ ಹೊರಿಸುವ ಬದಲು ಹಲವರಿಗೆ ಹಂಚುವ ದಾರಿ ಹಿಡಿದರು. ಅದೇ ಕೋರ್‌ಗಳ ಕಥೆ. ಇದರಲ್ಲಿ ಕರ್ನಾಟಕದ ಪಾಲೂ ಇದೆ. 2008ರಲ್ಲಿ ಬಂದ ಇಂಟೆಲ್‌ನ ಆರು ಕೋರಿನ ಸಿಯಾನ್ 7400 ಸರ್ವರ್ ಚಿಪ್ಪನ್ನು ವಿನ್ಯಾಸ ಮಾಡಿದ್ದು ಬೆಂಗಳೂರಿನ ತಂಡ.

ಅದೇ ಬೆಂಗಳೂರಿನಲ್ಲಿ ಇದಕ್ಕೆ ತದ್ವಿರುದ್ಧ ದಾರಿಯೂ ಹುಟ್ಟಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯವರು ಸೇರಿ ಹಳ್ಳಿ ಜನರೂ ಬಳಸಬಹುದಾದ ಸಿಂಪ್ಯೂಟರ್ ರೂಪಿಸಿದರು. 2004ರಲ್ಲಿ ಬಿಇಎಲ್ ಅದನ್ನು ಅಮಿಡಾ ಹೆಸರಿನಲ್ಲಿ ತಯಾರಿಸಿತು. ಅಂಗೈಯಲ್ಲಿ ಹಿಡಿಯುವ ಯಂತ್ರ, ಕಡಿಮೆ ಕರೆಂಟು ಕುಡಿಯುವ ಚಿಪ್ಪು, ಫ್ಯಾನಿನ ಹಂಗೇ ಇಲ್ಲ. ಮಾರಾಟದಲ್ಲಿ ಅದು ಗೆಲ್ಲಲಿಲ್ಲ, ಮೊಬೈಲುಗಳು ಬಂದವು. ಆದರೆ ಅದು ಹೇಳಿದ ಪಾಠ ಉಳಿಯಿತು: ಎಷ್ಟು ಕೆಲಸ ಬೇಕೋ ಅಷ್ಟೇ ಕಾವು.

ಗೇಮಿಂಗ್ ಲ್ಯಾಪ್‌ಟಾಪ್ ಈ ಪಾಠವನ್ನು ಉಲ್ಟಾ ಮಾಡಿತು. ಎನ್ವಿಡಿಯಾ 1999ರಲ್ಲಿ ಜಿಫೋರ್ಸ್ 256 ತಂದ ಮೇಲೆ ಚಿತ್ರದ ಕೆಲಸಕ್ಕೇ ಬೇರೆ ಚಿಪ್ಪು ರೂಢಿಯಾಯಿತು. ಈಗ ಕಾವಿನ ಒಲೆಗಳು ಎರಡಾದವು. 2016ರಲ್ಲಿ ಮೇಜಿನ ಕಾರ್ಡಿಗೆ ಸರಿಸಮ ಎನ್ನುವಂಥ ಚಿಪ್ಪುಗಳು ಲ್ಯಾಪ್‌ಟಾಪಿಗೆ ಬಂದವು. 2017ರಲ್ಲಿ ತೆಳು ಯಂತ್ರಗಳಿಗೆಂದು ಕಡಿಮೆ ವ್ಯಾಟಿನ ಮ್ಯಾಕ್ಸ್-ಕ್ಯೂ ಬಂತು.

ಕೊಳ್ಳುವವರು ಮೋಸಹೋಗುವುದು ಇಲ್ಲೇ. ಕಾರ್ಡಿನ ಹೆಸರು ಒಂದೇ, ವ್ಯಾಟು ಬೇರೆ ಬೇರೆ. ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಕಾರ್ಡನ್ನು 35 ವ್ಯಾಟಿನಿಂದ 115 ವ್ಯಾಟಿನವರೆಗೆ ಎಲ್ಲಿ ಬೇಕಾದರೂ ಹೊಂದಿಸಬಹುದು. ಕಾವು ಹೊರಹಾಕಲಾಗದ ತೆಳು ಯಂತ್ರದಲ್ಲಿ ಅದು ಕಡಿಮೆ ವ್ಯಾಟಿನಲ್ಲೇ ಕುಂಟುತ್ತದೆ. ಅದಕ್ಕೇ 'ಟಿಜಿಪಿ ಎಷ್ಟು ವ್ಯಾಟು?' ಎಂದು ಕೇಳಿ. ಉತ್ತರ ಬಾರದಿದ್ದರೆ ಕಂಪನಿಯ ವೆಬ್‌ಸೈಟ್ ತೆಗೆಸಿ ನೋಡಿ.

ಇನ್ನು ಹವೆಯ ಲೆಕ್ಕ. 25 ಡಿಗ್ರಿ ಇರುವ ಎಸಿ ಅಂಗಡಿಯಲ್ಲಿ 82 ಡಿಗ್ರಿ ತೋರುವ ಚಿಪ್ಪು, 40 ಡಿಗ್ರಿಯ ನಮ್ಮ ಪಡಸಾಲೆಯಲ್ಲಿ ಅದೇ ಕೆಲಸಕ್ಕೆ 97ರ ಹತ್ತಿರ ಹೋಗುತ್ತದೆ. 100 ಮುಟ್ಟುವ ಹೊತ್ತಿಗೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಕೊಟ್ಟ ದುಡ್ಡಿನ ಒಂದು ಪಾಲು ಅಲ್ಲೇ ಆವಿಯಾಯಿತು.

ಮಹಾಕೂಟದ ಪುಷ್ಕರಿಣಿ ನೋಡಿದ್ದೀರಿ. ಸೆಲೆಯ ನೀರು ಒಳಗೆ ಬರುತ್ತಲೇ ಇರುತ್ತದೆ, ಹೆಚ್ಚಾದದ್ದು ಹೊರಗೆ ಹೋಗುತ್ತದೆ, ಅದಕ್ಕೇ ತಂಪು. ಲ್ಯಾಪ್‌ಟಾಪಿನ ಗಾಳಿಯೂ ಹಾಗೇ. ತಳದಲ್ಲಿ ಗಾಳಿ ಎಳೆಯುವ ಕಿಂಡಿ ದೊಡ್ಡದಿರಬೇಕು, ಹಿಂದೆ ಮತ್ತು ಪಕ್ಕದಲ್ಲಿ ಬಿಡುವ ಬಾಯಿ ಇರಬೇಕು, ಫ್ಯಾನು ಎರಡು ಇರಬೇಕು. ಎರಡೂ ಚಿಪ್ಪಿನಿಂದ ಕಾವು ಎಳೆಯಲು ಸಾಕಷ್ಟು ಹೀಟ್ ಪೈಪ್ ಇರಬೇಕು. ಹಾಸಿಗೆ, ಕೌದಿಯ ಮೇಲೆ ಇಟ್ಟರೆ ಒಳಬರುವ ದಾರಿಯೇ ಬಂದ್. ನಮ್ಮ ಕೆಂಪು ಧೂಳು ಬೇರೆ ಇದೆ. ವರ್ಷಕ್ಕೊಮ್ಮೆ ಬಲ್ಲವರಿಂದ ಬಿಚ್ಚಿಸಿ ಸ್ವಚ್ಛ ಮಾಡಿಸಿ.

ಪರದೆಯ ಕಥೆಗೂ ಒಂದು ತಿರುವಿದೆ. ಹಳೆಯ ಟಿಎನ್ ಪರದೆಯನ್ನು ಸ್ವಲ್ಪ ಓರೆಯಾಗಿ ನೋಡಿದರೂ ಬಣ್ಣ ಬದಲಾಗುತ್ತಿತ್ತು. 1996ರಲ್ಲಿ ಜಪಾನಿನ ಹಿಟಾಚಿ ಕಂಪನಿ ಐಪಿಎಸ್ ಪರದೆ ತಂದು ಇದನ್ನು ಸರಿಮಾಡಿತು. ಈಗ ಬಹಳಷ್ಟು ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಐಪಿಎಸ್ ಇದೆ, ಸೆಕೆಂಡಿಗೆ 144 ಚಿತ್ರ ತೋರುವ 144 ಹರ್ಟ್ಸ್ ಕೂಡ ಇದೆ. ಆದರೆ ಅಗ್ಗದವುಗಳಲ್ಲಿ ದುಡ್ಡು ಉಳಿಸುವುದು ಬಣ್ಣದಲ್ಲಿ. ವಿವರ ಪಟ್ಟಿಯಲ್ಲಿ '45% ಎನ್‌ಟಿಎಸ್‌ಸಿ' ಎಂದಿದ್ದರೆ ಬಣ್ಣ ಸಪ್ಪೆ. '100% ಎಸ್‌ಆರ್‌ಜಿಬಿ' ಎಂದಿದ್ದರೆ ಒಳ್ಳೆಯದು. ಬೆಳಕು 300 ನಿಟ್ಸ್‌ಗಿಂತ ಕಡಿಮೆಯಾದರೆ ಬಾಗಿಲು ತೆರೆದ ಪಡಸಾಲೆಯಲ್ಲಿ ಹಗಲು ಕಾಣುವುದು ಕಷ್ಟ.

ನಂಬರು ತಿಳಿಯದಿದ್ದರೆ ಇಳಕಲ್ ಸೀರೆಯನ್ನೇ ಪರೀಕ್ಷೆಗೆ ಹಿಡಿಯಿರಿ. ಗಿರಿಕುಂಕುಮ ಬಣ್ಣದ ಸೀರೆಯ ಒಂದೇ ಫೋಟೊವನ್ನು ಎರಡು ಲ್ಯಾಪ್‌ಟಾಪಿನಲ್ಲಿ ಅಕ್ಕಪಕ್ಕ ತೆಗೆಸಿ. ಸಪ್ಪೆ ಪರದೆಯಲ್ಲಿ ಅದು ಇಟ್ಟಿಗೆಯ ಬಣ್ಣಕ್ಕೆ ಇಳಿದಿರುತ್ತದೆ. ಹಾಗೆಯೇ ಒಂದು ದೊಡ್ಡ ಆಟವನ್ನು ಐದು ನಿಮಿಷವಲ್ಲ, ಅರ್ಧ ತಾಸು ಓಡಿಸಿ ತೋರಿಸಲು ಹೇಳಿ. ಶುರುವಿನ ಓಟಕ್ಕೂ ಕೊನೆಯ ಓಟಕ್ಕೂ ಬಹಳ ವ್ಯತ್ಯಾಸ ಬಂದರೆ ಕಾವು ಹೊರಗೆ ಹೋಗುತ್ತಿಲ್ಲ ಎಂದರ್ಥ. ಇನ್ನೊಂದು ಮಾತು, ಕರೆಂಟು ಹೋದಾಗ ಬ್ಯಾಟರಿ ಮೇಲೆ ಈ ಯಂತ್ರಗಳು ಪೂರ್ತಿ ವೇಗ ಕೊಡುವುದಿಲ್ಲ.

ಕೊನೆಗೆ ಸಿಂಪ್ಯೂಟರಿನ ಪಾಠವನ್ನೂ ಮನೆಯಲ್ಲಿ ಕೂತು ಮಾತಾಡಿ. ಮೊದಲ ವರ್ಷದ ಪ್ರೋಗ್ರಾಮಿಂಗ್, ನೋಟ್ಸ್, ಆನ್‌ಲೈನ್ ಪಾಠಕ್ಕೆ ಸಾದಾ ಲ್ಯಾಪ್‌ಟಾಪ್ ಸಾಕಾಗುತ್ತದೆ. ಯಾವ ಬ್ರಾಂಚ್, ಯಾವ ಸಾಫ್ಟ್‌ವೇರ್ ಎಂದು ಕಾಲೇಜಿನ ಸೀನಿಯರ್‌ಗಳನ್ನು ಕೇಳಿ ತಿಳಿದ ಮೇಲೆ ದೊಡ್ಡ ಯಂತ್ರ ಕೊಂಡರೆ ತಡವೇನೂ ಆಗುವುದಿಲ್ಲ. ಸಾಲದ ಬಡ್ಡಿಯಂತೂ ಒಂದು ವರ್ಷ ಉಳಿಯುತ್ತದೆ.