ರುಬೆಲ್ಲಾ: ಒಂದು ಹೆಸರಿನ ಚರಿತ್ರೆ

ಹೆಸರುಗಳೊಳಗೆ ಚರಿತ್ರೆ ಅಡಗಿರುವುದೆಂಬುದನ್ನು ಕೋಲಾರದ ಸೀಮೆಯವರಿಗೆ ನಾವು ಹೊಸದಾಗಿ ಹೇಳಬೇಕಾಗಿಲ್ಲ. ಗಂಗರ ಶಾಸನಗಳ ಕುವಲಾಲಪುರವು ಜನರ ನಾಲಗೆಯಲ್ಲಿ ಸವೆದು ಕೋಲಾರವಾಯಿತು. ಮೂಡಲ ಬಾಗಿಲು ಮುಳಬಾಗಿಲಾಯಿತು. ಮಾಲೂರಿಗೆ ಹಿಂದೆ ಮಲ್ಲಿಕಾಪುರವೆಂಬ ಹೆಸರಿತ್ತೆಂದು ಹೇಳುವರು. ಪಾಪನಪಲ್ಲಿಗೆ ದಿವಾನ್ ಪೂರ್ಣಯ್ಯನವರು ಶ್ರೀನಿವಾಸಪುರವೆಂದು ಹೆಸರಿಟ್ಟರೆಂಬುದು ಪ್ರತೀತಿ. ಕೆಲವು ಹೆಸರುಗಳು ಕಾಲಕ್ರಮದಲ್ಲಿ ತಾವಾಗಿ ಬೆಳೆಯುತ್ತವೆ. ಕೆಲವನ್ನು ಒಬ್ಬರು ಯೋಚಿಸಿ ಇಡುತ್ತಾರೆ. ರೋಗಗಳ ಹೆಸರುಗಳಲ್ಲಿಯೂ ಈ ಎರಡು ಬಗೆಗಳುಂಟು.

ಮಗುವಿಗೆ ಜ್ವರ ಬಂದು ಮೈಮೇಲೆ ಕೆಂಪು ಗುಳ್ಳೆಗಳೆದ್ದರೆ ಈ ಸೀಮೆಯ ಕನ್ನಡದ ಮನೆಗಳಲ್ಲಿ ದಡಾರವೆನ್ನುವರು, ತೆಲುಗಿನ ಮನೆಗಳಲ್ಲಿ ತಟ್ಟು ಎನ್ನುವರು. ಇವು ತಾವಾಗಿ ಬೆಳೆದ ಹೆಸರುಗಳು. ದಡಾರವನ್ನು ಹೋಲುವ, ಅದಕ್ಕಿಂತ ಸೌಮ್ಯವಾದ ಮತ್ತೊಂದು ಬೇನೆಯೂ ಉಂಟು. ಅದನ್ನು ಬೇರೆಯಾಗಿ ಗುರುತಿಸುವುದು ಯೂರೋಪಿನ ಪಂಡಿತವೈದ್ಯರಿಗೂ ಸುಲಭವಾಗಿರಲಿಲ್ಲ. 1740ರಲ್ಲಿ ಜರ್ಮನಿಯ ಫ್ರೀಡ್ರಿಕ್ ಹಾಫ್‌ಮನ್ ಅದರ ಲಕ್ಷಣಗಳನ್ನು ವರ್ಣಿಸಿದನು. 1814ರಲ್ಲಿ ಇಂಗ್ಲೆಂಡಿನ ಜಾರ್ಜ್ ಮೇಟನ್ ಇದು ಪ್ರತ್ಯೇಕ ರೋಗವೆಂದು ಸೂಚಿಸಿದನು. ಜರ್ಮನ್ ವೈದ್ಯರು ಮೊದಲು ವಿವರಿಸಿದುದರಿಂದ ಇಂಗ್ಲಿಷರು ಇದನ್ನು ಜರ್ಮನ್ ದಡಾರವೆಂದು ಕರೆದರು. ಜರ್ಮನರು ಇಟ್ಟಿದ್ದ ಹೆಸರು ರೋಟೆಲ್ನ್.

ಇಂದಿನ ಹೆಸರು ಹುಟ್ಟಿದುದು ನಮ್ಮ ದೇಶದ ಒಂದು ಸಾಂಕ್ರಾಮಿಕದ ವರದಿಯಿಂದ. 1866ರಲ್ಲಿ ಬ್ರಿಟಿಷ್ ತೋಪಿನ ಸೇನೆಯ ಶಸ್ತ್ರವೈದ್ಯ ಹೆನ್ರಿ ವೀಲ್ ಎಂಬಾತನು ಇಂಡಿಯಾದಲ್ಲಿ ತಾನು ಕಂಡ ಈ ರೋಗದ ಹಾವಳಿಯನ್ನು ಕುರಿತು ಬರೆದನು. ಜರ್ಮನ್ ಹೆಸರು ಇಂಗ್ಲಿಷರ ಕಿವಿಗೆ ಕರ್ಕಶವೆಂದು ಭಾವಿಸಿ, ಚಿಕ್ಕದೂ ಇಂಪಾದುದೂ ಆದ ಹೆಸರೊಂದನ್ನು ಲ್ಯಾಟಿನ್ನಿನಿಂದ ತೆಗೆದನು. ಆ ಭಾಷೆಯಲ್ಲಿ ರೂಬರ್ ಎಂದರೆ ಕೆಂಪು. ಅದರ ಅಲ್ಪಾರ್ಥಕ ರೂಪದಿಂದ ಬಂದುದು ರುಬೆಲ್ಲಾ, ಎಂದರೆ ನಸುಗೆಂಪಿನದು. ನಮ್ಮ ರುಧಿರ ಶಬ್ದವೂ ಇದೇ ಮೂಲಧಾತುವಿನ ಕುಲಕ್ಕೆ ಸೇರಿದುದೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಕೇಳಲು ಪರದೇಶಿಯಾದ ಈ ಹೆಸರು ನಮಗೆ ದೂರದ ನೆಂಟನೇ ಸರಿ.

ಈ ನಾಮಕರಣದಿಂದ ಒಂದು ಉಪಕಾರವಾಯಿತು. ಅದುವರೆಗೆ ರುಬಿಯೋಲಾ ಎಂಬ ಒಂದೇ ಮಾತು ಒಬ್ಬರ ಗ್ರಂಥದಲ್ಲಿ ದಡಾರಕ್ಕೂ ಮತ್ತೊಬ್ಬರ ಗ್ರಂಥದಲ್ಲಿ ಈ ರೋಗಕ್ಕೂ ಸಲ್ಲುತ್ತಿದ್ದಿತು. 1881ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ವೈದ್ಯಸಮ್ಮೇಳನವು ಇದನ್ನು ಸ್ವತಂತ್ರ ರೋಗವೆಂದು ಅಂಗೀಕರಿಸಿತು. ಆದರೆ ಅಲ್ಪಾರ್ಥಕ ನಾಮವು ಅಲ್ಪವೆಂಬ ಭಾವನೆಗೂ ಎಡೆಗೊಟ್ಟಿತು. ಮೂರು ದಿನ ಕಾಣಿಸಿಕೊಂಡು ಮಾಯವಾಗುವ ನಸುಗೆಂಪಿಗೆ ಯಾರು ತಾನೆ ಅಂಜುವರು?

ಅಂಜಬೇಕಾದ ಕಾರಣವನ್ನು 1941ರಲ್ಲಿ ಆಸ್ಟ್ರೇಲಿಯದ ನೇತ್ರವೈದ್ಯ ನಾರ್ಮನ್ ಗ್ರೆಗ್ ತೋರಿಸಿಕೊಟ್ಟನು. ಹುಟ್ಟಿನಿಂದಲೇ ಕಣ್ಣಿನಲ್ಲಿ ಪೊರೆಯಿದ್ದ 78 ಶಿಶುಗಳನ್ನು ಕುರಿತು ಆತನು ವಿಚಾರಿಸಲು, ಅವರಲ್ಲಿ ಬಹುಮಂದಿಯ ತಾಯಂದಿರಿಗೆ ಗರ್ಭದ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದಿದ್ದುದು ತಿಳಿಯಿತು. ತಾಯಿಗೆ ಅಲ್ಪವಾದ ಬೇನೆಯು ಗರ್ಭದೊಳಗಿನ ಶಿಶುವಿನ ಕಣ್ಣು, ಕಿವಿ, ಹೃದಯಗಳನ್ನು ಕೆಡಿಸಬಲ್ಲುದು. ಹೆಸರಿಟ್ಟು 75 ವರ್ಷಗಳಾದ ಮೇಲೆ ಅದರ ನಿಜವಾದ ಅರ್ಥವು ಲೋಕಕ್ಕೆ ತಿಳಿಯಿತೆನ್ನಬೇಕು.

1962ರಲ್ಲಿ ರೋಗಕಾರಕವಾದ ವೈರಾಣುವನ್ನು ಪ್ರತ್ಯೇಕಿಸಿದರು; 1969ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಅನುಮತಿ ದೊರೆಯಿತು. ಭಾರತದಲ್ಲಿ 2017ರ ಫೆಬ್ರವರಿಯಲ್ಲಿ ಆರಂಭವಾದ ಲಸಿಕೆಯ ಅಭಿಯಾನದ ಮೊದಲ ತಂಡದಲ್ಲಿಯೇ ಕರ್ನಾಟಕವಿದ್ದಿತು. ಕೋಲಾರ ಮಾಲೂರುಗಳೂ ಮುಳಬಾಗಿಲು ಶ್ರೀನಿವಾಸಪುರಗಳೂ ಅದರೊಳಗೆ ಸೇರಿದುವು. 9 ತಿಂಗಳಿನಿಂದ 15 ವರ್ಷದೊಳಗಿನ ಗಂಡು ಹೆಣ್ಣು ಮಕ್ಕಳೆಲ್ಲರಿಗೂ ಅದು ಉದ್ದೇಶಿತವಾಗಿದ್ದಿತು. ಗಂಡುಮಕ್ಕಳಿಗೇಕೆಂದು ಕೇಳುವವರುಂಟು. ತಮ್ಮನಿಗೆ ಬಂದ ಬೇನೆಯೇ ಬಸುರಿಯಾದ ಅಕ್ಕನಿಗೂ ಹರಡುವುದೆಂಬುದೇ ಉತ್ತರ. ಗರ್ಭಿಣಿಯಾದ ಮೇಲೆ ಈ ಲಸಿಕೆಯನ್ನು ಹಾಕುವುದಿಲ್ಲ. ರಕ್ಷಣೆಯು ಮೊದಲೇ ಆಗಿರಬೇಕು.

ಆ ಅಭಿಯಾನದಲ್ಲಿ ಜನರು ಕೇಳಿದ ಮಾತು ದಡಾರ-ರುಬೆಲ್ಲಾ ಎಂದು. ಅಜ್ಜಿಯರ ಮಾತೂ ಸೇನಾವೈದ್ಯನ ಮಾತೂ ಹೀಗೆ ಜೊತೆಗೂಡಿದುವು. ಬೇರೆ ರೋಗಕ್ಕೆ ಬೇರೆ ಹೆಸರು ಬೇಕೆಂಬುದು ಪಂಡಿತರ ಪಟ್ಟಿಗಾಗಿ ಮಾತ್ರ ಹುಟ್ಟಿದ ಹಟವಲ್ಲ. ಬರಿಯ ದಡಾರವೆಂದು ತಿಳಿದು ಕೈಬಿಟ್ಟರೆ, ಇನ್ನೂ ಹುಟ್ಟದ ಮಗುವೊಂದರ ದೃಷ್ಟಿಯೇ ಆ ಅಸಡ್ಡೆಗೆ ಬೆಲೆಯಾಗಬಹುದು.