ದಂಡಿನ ಮೋಜಣಿ, ನಾಡಿನ ವಿದ್ಯೆ

ಸೈನ್ಯಕ್ಕೆಂದು ವೆಚ್ಚಮಾಡಿದ ಹಣದಿಂದ ನಾಡಿನ ವಿದ್ಯೆ ಬೆಳೆಯುವುದೇ, ಸೊರಗುವುದೇ? ಇದು ಈ ಕಾಲದ ಪ್ರಶ್ನೆಯೆಂದು ತೋರಬಹುದು. ಆದರೆ ನಮ್ಮ ಬಳ್ಳಾರಿ ಸೀಮೆಯ ಚರಿತ್ರೆಯಲ್ಲಿ ಇದಕ್ಕೆ ಇನ್ನೂರು ವರ್ಷಗಳಿಗೂ ಹಿಂದಿನ ನಿದರ್ಶನವೊಂದುಂಟು.

1800ರಲ್ಲಿ ಹೈದರಾಬಾದಿನ ನಿಜಾಮನು ತನ್ನ ರಕ್ಷಣೆಗಿದ್ದ ಇಂಗ್ಲಿಷ್ ದಂಡಿನ ವೆಚ್ಚಕ್ಕೆ ಪ್ರತಿಯಾಗಿ ಬಳ್ಳಾರಿ, ಕಡಪ ಮೊದಲಾದ ಪ್ರಾಂತಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ಇವಕ್ಕೆ ದತ್ತಮಂಡಲವೆಂಬ ಹೆಸರು ಬಂದುದು ಹೀಗೆ. ಸಿರುಗುಪ್ಪದಲ್ಲಿ ವಿಜಯನಗರದ ಅರಸರ ಕಾಲದ ಕಾಲುವೆಯಿಂದ ನೀರುಂಡ ಗದ್ದೆಗಳ ಕಂದಾಯವೂ ಅಂದಿನಿಂದ ಕಂಪನಿಯ ಬೊಕ್ಕಸವನ್ನು ಸೇರಿತು. ದಂಡಿನ ಖರ್ಚನ್ನು ಹೊತ್ತವನು ಕೊನೆಗೆ ರೈತನೇ.

ಹೊಸ ನಾಡನ್ನು ಹಿಡಿದವರಿಗೆ ಅದರ ನಕ್ಷೆ ಬೇಕು. ಕೋಟೆಯೆಲ್ಲಿ, ತೋಪು ಸಾಗುವ ದಾರಿಯೆಲ್ಲಿ, ಹೊಳೆ ದಾಟುವ ಕಡವೆಲ್ಲಿ ಎಂಬುದನ್ನು ಅರಿಯಬೇಕು. ಈ ಕೆಲಸದ ಮುಂದಾಳು ಕಾಲಿನ್ ಮೆಕೆಂಜಿ, ಮದರಾಸು ಸೈನ್ಯದ ಇಂಜಿನಿಯರು. 1799ರಲ್ಲಿ ಹಂಪೆಯ ನಕ್ಷೆ ತೆಗೆಸಿದವನು, ಮೈಸೂರು ಸೀಮೆಯನ್ನು ಅಳೆದವನು, ಮುಂದೆ ದತ್ತಮಂಡಲದ ಮೋಜಣಿಯನ್ನೂ ನಡೆಸಿದನು. 1794ರಲ್ಲಿ ಮದರಾಸಿನಲ್ಲಿ ತೆರೆದ ಮೋಜಣಿ ಶಾಲೆಯ ಹುಡುಗರು ಸರಪಳಿ ಹಿಡಿದು ಊರೂರು ಅಳೆದರು. ದಂಡಿಗಾಗಿ ಕಲಿತ ಈ ವಿದ್ಯೆ ಕೆರೆ, ಹೊಲ, ಗಡಿಗಳ ಲೆಕ್ಕಕ್ಕೂ ಒದಗಿತು. ಇಷ್ಟು ಲಾಭವೆಂದು ಒಪ್ಪಬೇಕು.

ಆದರೆ ಮೆಕೆಂಜಿಗೆ ನೆಲದ ಅಳತೆಯಷ್ಟೇ ಸಾಲದಾಯಿತು. ಶಾಸನ, ನಾಣ್ಯ, ತಾಳೆಗರಿ, ಶಾನುಭೋಗರು ಬರೆದ ಕೈಫಿಯತ್ತು, ಎಲ್ಲವನ್ನೂ ಕೂಡಿಸತೊಡಗಿದನು. ಕಾವಲಿ ಬೊರ್ರಯ್ಯ, ಲಕ್ಷ್ಮಯ್ಯ ಸಹೋದರರು ಅವನಿಗೆ ನೆರವಾದರು. ಮಲೆಯೂರಿನ ಜೈನ ಪಂಡಿತ ಧರ್ಮಯ್ಯನು ಹಳಗನ್ನಡದ ಶಾಸನಗಳನ್ನು ಓದಿ ತಿಳಿಸಿದನು. ಸಿಂದರು ಆಳಿದ ಕುರುಗೋಡಿನಂತಹ ಊರುಗಳ ಕಥೆ ತಿಳಿಯಲು ಕಲ್ಲಿನ ಬರಹವಲ್ಲದೆ ಬೇರೆ ದಾರಿಯೆಲ್ಲಿ? ಆದರೆ ದಂಡಿಗೆ ಇದರಿಂದ ಪ್ರಯೋಜನವಿಲ್ಲ. ಆದುದರಿಂದ ಈ ಸಂಗ್ರಹಕ್ಕೆ ಬಹುಪಾಲು ಹಣ ಮೆಕೆಂಜಿಯ ಸ್ವಂತ ಸಂಬಳದಿಂದಲೇ ಹೋಯಿತು.

1821ರಲ್ಲಿ ಅವನು ತೀರಿಕೊಂಡ ಮೇಲೆ ಸರ್ಕಾರವು ಅವನ ಹೆಂಡತಿಯಿಂದ ಈ ಸಂಗ್ರಹವನ್ನು 10,000 ಪೌಂಡಿಗೆ ಕೊಂಡಿತು. 1828ರ ವಿಲ್ಸನ್ನನ ಪಟ್ಟಿಯಲ್ಲಿ 8,076 ಶಾಸನಗಳೂ 2,070 ಸ್ಥಳವೃತ್ತಾಂತಗಳೂ ಇವೆ. ಕನ್ನಡದ ಕೈಫಿಯತ್ತುಗಳು ಒಟ್ಟಾಗಿ ಅಚ್ಚಾದುದು ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ, ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ, 1994ರಲ್ಲಿ. ಒಬ್ಬನ ಕೈಚೀಲ ಬರಿದಾಗಿದ್ದರೆ ಇದಾವುದೂ ಉಳಿಯುತ್ತಿರಲಿಲ್ಲ.

ಸ್ವತಂತ್ರ ಭಾರತದಲ್ಲಿ 1958ರಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಹುಟ್ಟಿತು. ಯೋಧರ ಊಟಕ್ಕೆಂದು 1961ರಲ್ಲಿ ಮೈಸೂರಿನಲ್ಲಿ ರಕ್ಷಣಾ ಆಹಾರ ಪ್ರಯೋಗಾಲಯವೂ ತೆರೆಯಿತು. ನಾಡಿನ ಗಡಿ ಕಾಯುವ ವಿದ್ಯೆ ಬೇಕೇ ಬೇಕು. ಅದರ ಫಲ ಜನರಿಗೂ ತಲುಪುವುದುಂಟು. ಆದರೆ ಕೋಡಿ ಹರಿದ ನೀರು ತಾನಾಗಿ ಗದ್ದೆಗೆ ಬಾರದು. ಕಾಲುವೆ ತೋಡದಿದ್ದರೆ ಹಳ್ಳ ಸೇರುತ್ತದೆ. ಶಾಸನ ಓದುವವನಿಗೂ ಬೀಜ ಪರೀಕ್ಷಿಸುವವನಿಗೂ ಬೊಕ್ಕಸದಲ್ಲಿ ಬೇರೆಯೇ ಒಂದು ಪಾಲು ಇರಬೇಕೆಂಬುದು ಈ ಚರಿತ್ರೆಯ ಪಾಠ.