ಸವಳು ಜಮೀನಿನ ಮೇಲ್ಪದರದ ತೇವಾಂಶ ಬದಲಾವಣೆ: ಮಣ್ಣು ಪರೀಕ್ಷೆಯ ಅರ್ಜಿದಾರರಿಗೆ ಮಾಹಿತಿ

ಹಿನ್ನೆಲೆ:
ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳ್ಳಿ ಹಾಗೂ ಸಾಗರ, ಹೊಸನಗರ ಭಾಗಗಳಲ್ಲಿ ಭಾರೀ ಮಳೆಯು ಲವಣಗಳನ್ನು ತೊಳೆದೊಯ್ಯುವುದರಿಂದ ಮಣ್ಣು ಸಾಮಾನ್ಯವಾಗಿ ಆಮ್ಲೀಯವಾಗಿರುತ್ತದೆ. ಇದೇ ತೀರ್ಥಹಳ್ಳಿಯನ್ನು ಹಾದುಹೋಗುವ ತುಂಗಾ ನದಿಯು ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ತುಂಗಭದ್ರಾ ಜಲಾಶಯದ ಕಾಲುವೆಗಳ ಮೂಲಕ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಕಪ್ಪು ಮಣ್ಣಿಗೆ ತಲುಪುತ್ತದೆ. ಅಲ್ಲಿ ಮಳೆ ಕಡಿಮೆ. ಬಸಿಗಾಲುವೆ ಇಲ್ಲದೆ ಅತಿಯಾಗಿ ನೀರುಣಿಸಿದ ಜಮೀನುಗಳಲ್ಲಿ ಅಂತರ್ಜಲ ಮೇಲೇರಿ ಸವಳು-ಜವಳು ಸಮಸ್ಯೆ ಉಂಟಾಗಿದೆ.

ಋತುಮಾನದ ಬದಲಾವಣೆ:
1. ಬೇಸಿಗೆ: ತಳದ ನೀರು ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರಿ ಆವಿಯಾಗುತ್ತದೆ. ಅದರೊಡನೆ ಬಂದ ಲವಣವು ನೆಲದ ಮೇಲೆ ಬಿಳಿ ಪದರವಾಗಿ ಉಳಿಯುತ್ತದೆ. ರಾಜಸ್ಥಾನದ ಸಾಂಭರ್ ಸರೋವರದಂತಹ ಉಪ್ಪಿನ ಕೆರೆಗಳು ಬತ್ತಿದಾಗಲೂ ಆವಿಯಾಗುವಿಕೆಯಿಂದಲೇ ಪದರ ಕಟ್ಟುತ್ತದೆ.
2. ಮಳೆಗಾಲ: ಪದರವು ಕರಗಿ ಲವಣವು ಕೆಳಕ್ಕೆ ಇಳಿಯುತ್ತದೆ, ಜಮೀನನ್ನು ಬಿಟ್ಟು ಹೋಗಿರುವುದಿಲ್ಲ.
3. ಕ್ಯಾಲ್ಸಿಯಂ, ಮೆಗ್ನೀಸಿಯಂ ಕ್ಲೋರೈಡ್ ಹೆಚ್ಚಿರುವಲ್ಲಿ ಪದರವು ಗಾಳಿಯ ತೇವವನ್ನು ಹೀರಿ ಬೆಳಿಗ್ಗೆ ಒದ್ದೆಯಾಗಿ ಕಾಣುವುದುಂಟು. ಇದನ್ನು ಬೆಳೆಗೆ ದೊರೆಯುವ ತೇವಾಂಶವೆಂದು ಭಾವಿಸಬಾರದು.

ಆದ್ದರಿಂದ ಒಂದೇ ಜಮೀನಿನ ಫಲಿತಾಂಶವು ಏಪ್ರಿಲ್ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಭಿನ್ನವಾಗಿರಬಹುದು.

ಮಾದರಿ ಸಂಗ್ರಹಣೆ:
1. ಉಪ್ಪಿನ ಪದರವನ್ನು ಕೆರೆದು ಪ್ರತ್ಯೇಕ ಚೀಲದಲ್ಲಿ ಹಾಕಿ, ಅದರ ದಪ್ಪವನ್ನು ನಮೂದಿಸತಕ್ಕದ್ದು.
2. 0-15, 15-30, 30-60 ಮತ್ತು 60-90 ಸೆಂ.ಮೀ. ಆಳದ ಮಣ್ಣನ್ನು ಬೇರೆ ಬೇರೆಯಾಗಿ ಸಂಗ್ರಹಿಸತಕ್ಕದ್ದು.
3. ಮಳೆ ಅಥವಾ ನೀರಾವರಿಯಾದ ಕೂಡಲೇ ಮಾದರಿ ತೆಗೆಯಬಾರದು.
4. ಸರ್ವೆ ನಂಬರ್, ದಿನಾಂಕ, ಹಿಂದಿನ ಬೆಳೆ ಮತ್ತು ನೀರಿನ ಮೂಲವನ್ನು ಚೀಟಿಯಲ್ಲಿ ಬರೆದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ನೀಡತಕ್ಕದ್ದು.

ಫಲಿತಾಂಶದ ಬಳಕೆ:
ಮಣ್ಣಿನ ಸಂತೃಪ್ತ ಸಾರದ ವಿದ್ಯುತ್ ವಾಹಕತೆ ಪ್ರತಿ ಮೀಟರಿಗೆ 4 ಡೆಸಿಸೀಮನ್ಸ್ ಮೀರಿದರೆ ಸವಳು ಮಣ್ಣೆಂದೂ, ವಿನಿಮಯ ಸೋಡಿಯಂ ಶೇ. 15 ಮೀರಿ ರಸಸಾರ 8.5ಕ್ಕಿಂತ ಹೆಚ್ಚಿದ್ದರೆ ಕ್ಷಾರ ಮಣ್ಣೆಂದೂ ಪರಿಗಣಿಸಲಾಗುತ್ತದೆ. ಜಿಪ್ಸಂ ಕ್ಷಾರ ಮಣ್ಣಿನ ಸುಧಾರಣೆಗೆ ಮಾತ್ರ ಉಪಯುಕ್ತ. ಕೇವಲ ಸವಳು ಇರುವ ಜಮೀನಿಗೆ ಜಿಪ್ಸಂ ಹಾಕುವುದು ವ್ಯರ್ಥ ವೆಚ್ಚ. ಅಲ್ಲಿ ಬಸಿಗಾಲುವೆ ತೆಗೆದು ಸಿಹಿನೀರಿನಿಂದ ಲವಣವನ್ನು ತೊಳೆದು ಹೊರಹಾಕಬೇಕು. ಆದುದರಿಂದ ಪರೀಕ್ಷಾ ಫಲಿತಾಂಶ ಬರುವವರೆಗೆ ಜಿಪ್ಸಂ ಖರೀದಿಸಬಾರದೆಂದು ರೈತ ಬಾಂಧವರಲ್ಲಿ ಕೋರಲಾಗಿದೆ.